ಚಪ್ಪಾಳೆ ಯಾರಿಗೆ?

ಫ್ಯಾಷನ್ ಷೋಗಳಿಗೆ ಹೋಗುವ ಹೆಂಗಸು ಎಂದರೆ ನಮ್ಮ ಕಡೆಯ ಜನ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ. ನೋಡಲಿ, ತಪ್ಪೇನಿಲ್ಲ. ತವರು ಅಫಜಲಪುರ, ಗಂಡನ ಮನೆ ಆಳಂದ, ನೌಕರಿ ಜೇವರ್ಗಿ. ಈ ಮೂರೂರುಗಳ ನಡುವೆ ಬಸ್ಸಿನಲ್ಲಿ ಓಡಾಡುವುದರಲ್ಲೇ ಅರ್ಧ ಆಯುಷ್ಯ ಕಳೆದ, ನಲವತ್ತು ದಾಟಿದ, ಸೊಂಟ ತುಸು ದಪ್ಪಗಾದ ಇವಳಿಗೂ ಫ್ಯಾಷನ್ನಿಗೂ ಎಲ್ಲಿಯ ನಂಟು ಎಂದು ಅವರಿಗೆ ಅನ್ನಿಸುವುದು ಸಹಜ. ನಂಟು ಇದೆ. ಸೀರೆ, ಖಣ, ಕಸೂತಿ, ಮಗ್ಗ ಎಂದು ಹದಿನೈದು ವರ್ಷಗಳಿಂದ ಪತ್ರಿಕೆಗಳಿಗೆ ಬರೆಯುತ್ತ ಬಂದವಳು ನಾನು. ಹಾಗಾಗಿ ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದಿನಿಂದ ಆಮಂತ್ರಣಗಳು ಬರುತ್ತವೆ. ಕಲಬುರಗಿಯಲ್ಲಿ ರೈಲು ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಹೋಟೆಲಿನ ಬಾತ್‌ರೂಮಿನಲ್ಲಿ ಸೀರೆಯ ನಿರಿಗೆ ಸರಿಮಾಡಿಕೊಂಡು ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ಬಂದಿದ್ದೇನೆ. ಉಡುಗೊರೆಯ ಚೀಲಗಳನ್ನೂ ತಂದಿದ್ದೇನೆ. ಆದ್ದರಿಂದ ಇಲ್ಲಿ ನಾನು ಬಯ್ಯಲು ಹೊರಟಿರುವವರಲ್ಲಿ ನಾನೂ ಒಬ್ಬಳು ಎಂಬುದನ್ನು ಮೊದಲೇ ಹೇಳಿಬಿಡುವುದು ವಾಸಿ.

ಒಂದು ಷೋದ ಕತೆ ಹೇಳುತ್ತೇನೆ. ಅದು ಆಗಸ್ಟ್ ತಿಂಗಳು. 1905ರ ಸ್ವದೇಶಿ ಚಳವಳಿಯ ನೆನಪಿಗೆಂದು 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸುತ್ತಾರಲ್ಲ, ಆ ಹೊತ್ತಿಗೆ ಇಂಥ ಷೋಗಳ ಸುಗ್ಗಿ. ದೀಪ ಆರಿತು, ಡೋಲು ಬಾರಿಸಿತು, ಆರಡಿ ಎತ್ತರದ ಹುಡುಗಿಯೊಬ್ಬಳು ಕೆಂಪು ಪೇಟಿಯಾ, ಕನ್ನಡಿ ಹೊಲಿದ ಕಾಂಚಳಿ ತೊಟ್ಟು ನಡೆದು ಬಂದಳು. ಮೊಳಕೈ ಮೇಲಿನವರೆಗೆ ಬಿಳಿ ಬಳೆ. ಕವಡೆ, ಬಿಲ್ಲೆ, ಗೆಜ್ಜೆ. ನಿರೂಪಕಿ ಮೈಕಿನಲ್ಲಿ, "ರಸ್ಟಿಕ್! ಟ್ರೈಬಲ್! ವೈಲ್ಡ್!" ಎಂದಳು. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ನನ್ನ ಪಕ್ಕದಲ್ಲಿದ್ದ ಮಹಿಳೆ ಕಣ್ಣರಳಿಸಿ, "ಇದು ಎಲ್ಲಿಯ ಡಿಸೈನು?" ಎಂದು ಕೇಳಿದರು. "ನಮ್ಮ ತಾಂಡಾದ್ದು" ಎಂದೆ. ಅವರಿಗೆ ತಾಂಡಾ ಎಂದರೇನೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ಚಪ್ಪಾಳೆ ತಟ್ಟುತ್ತಿದ್ದ ನನ್ನ ಕೈ ನಿಂತಿರಲಿಲ್ಲ.

ಅದಾದ ಎಂಟು ದಿನಕ್ಕೆ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಅದೇ ಪೇಟಿಯಾ ಮತ್ತೆ ಕಂಡಿತು. ಈ ಸಲ ಅದರೊಳಗಿದ್ದವಳಿಗೆ ಎಪ್ಪತ್ತು ವರ್ಷ. ಕಂಕುಳಲ್ಲಿ ಗಂಟು, ಕೈಯಲ್ಲಿ ಸರಕಾರಿ ದವಾಖಾನೆಯ ಚೀಟಿ. ಕಲಬುರಗಿಯ ಬಸ್ಸು ತುಂಬಿತ್ತು. ಸೀಟಿನಲ್ಲಿದ್ದ ಹೆಂಗಸೊಬ್ಬಳು, ನನ್ನ ನಿಮ್ಮಂಥ ಮನೆತನಸ್ಥಳೇ, "ಏ ಬಾಯಿ, ಸರದು ನಿಂದ್ರು. ನಿನ್ನ ಕನ್ನಡಿ ತಾಗಿ ನನ್ನ ಸೀರಿ ಹರೀತದ" ಎಂದಳು. ನಾಲ್ಕು ಜನ ನಕ್ಕರು. ಮುದುಕಿ ಮಾತಾಡಲಿಲ್ಲ, ಪೇಟಿಯಾದ ಅಂಚನ್ನು ಮುದುರಿ ಹಿಡಿದುಕೊಂಡು ಹಿಂದಕ್ಕೆ ಹೋದಳು. ಬೆಂಗಳೂರಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಬಟ್ಟೆ ಇಲ್ಲಿ ಅದರ ಒಡತಿಯನ್ನು ನಿಂತೇ ಪ್ರಯಾಣ ಮಾಡಿಸಿತು. ನನಗೆ ಸೀಟು ಇತ್ತು. ಎದ್ದು ಕೊಟ್ಟೆನೇ? ಇಲ್ಲ. ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕೂತೆ. ಆ ದಿನದಿಂದ ಈ ಲೇಖನ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿದೆ.

ಫ್ಯಾಷನ್ ಷೋ ಎಂದರೆ ನಮ್ಮವರ ಸಿಟ್ಟೆಲ್ಲ ಒಂದೇ ಕಡೆ ಹರಿಯುತ್ತದೆ: ಹುಡುಗಿಯರು ಮೈ ತೋರಿಸುತ್ತಾರೆ, ಸಂಸ್ಕೃತಿ ಕೆಡುತ್ತದೆ. ಈ ವಾದವನ್ನು ನಾನು ಮೊದಲು ಕೇಳಿದ್ದು 1996ರಲ್ಲಿ. ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ಏರ್ಪಾಡಾದಾಗ ನಾನು ಅಫಜಲಪುರದಲ್ಲಿ ಎಂಟನೆಯ ಇಯತ್ತೆ. ರೈತ ಸಂಘದವರು ಬೇಡವೆಂದರು, ಮಹಿಳಾ ಸಂಘಟನೆಗಳು ಬೇಡವೆಂದವು, ಸಂಸ್ಕೃತಿಯ ಹೆಸರು ಹೇಳುವವರೂ ಬೇಡವೆಂದರು. ಒಬ್ಬೊಬ್ಬರ ಕಾರಣ ಒಂದೊಂದು. ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ನವೆಂಬರ್ 23ರಂದು ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಪೊಲೀಸ್ ಕಾವಲಿನ ನಡುವೆ ಗ್ರೀಸ್ ದೇಶದ ಹುಡುಗಿಗೆ ಕಿರೀಟ ಇಟ್ಟರು. ನಮ್ಮ ಓಣಿಯ ಕಟ್ಟೆಯ ಮೇಲೆ ಗಂಡಸರು ತಿಂಗಳುಗಟ್ಟಲೆ ಇದನ್ನೇ ಮಾತಾಡಿದರು. ಅಲ್ಲಿ ಕೂತು ಹೆಣ್ಣಿನ ಮಾನದ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದವರೇ, ಎದುರು ರಸ್ತೆಯಲ್ಲಿ ಕಟ್ಟಿಗೆ ಹೊರೆ ಹೊತ್ತು ಹೋಗುತ್ತಿದ್ದ ಲಂಬಾಣಿ ಹೆಂಗಸರ ಬೆನ್ನ ಮೇಲಿನ ಕಾಂಚಳಿಯ ಕಸಿ ಕುರಿತು ಹೊಲಸು ಮಾತಾಡುತ್ತಿದ್ದರು. ಅವ್ವ ಮಾತ್ರ ಜೋಳ ಹಸನು ಮಾಡುತ್ತ, "ಅಲ್ಲಿ ರೊಕ್ಕ ಕೊಟ್ಟು ನೋಡ್ತಾರ, ಇಲ್ಲಿ ಪುಕ್ಕಟೆ ನೋಡ್ತಾರ. ಅಷ್ಟೇ ಫರಕು" ಎಂದಿದ್ದಳು. ಆ ಮಾತಿನ ತೂಕ ನನಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಹಾಗಾಗಿ ಹುಡುಗಿಯರು ನಡೆಯುವುದರ ಮೇಲೆ ನನ್ನ ತಕರಾರಿಲ್ಲ. ಅಂದವಾಗಿ ಉಡುವುದು, ನಾಲ್ಕು ಜನ ನೋಡಲಿ ಎಂದು ಬಯಸುವುದು ಪಾಪವಲ್ಲ. ನಾಗರ ಪಂಚಮಿಗೆ ಹೊಸ ಸೀರೆ ಉಟ್ಟು ಜೋಕಾಲಿ ಆಡುವಾಗ ನಾವು ಮಾಡುವುದೂ ಅದನ್ನೇ. ನನ್ನ ತಕರಾರು ಬೇರೆ. ನಡೆದವಳ ಹೆಸರು ಹೇಳುತ್ತಾರೆ, ನಡೆಸಿದವನ ಹೆಸರು ಹೇಳುತ್ತಾರೆ, ಕೂದಲು ಬಾಚಿದವರ ಹೆಸರು, ಬಣ್ಣ ಹಚ್ಚಿದವರ ಹೆಸರು, ಹಣ ಕೊಟ್ಟ ಕಂಪನಿಯ ಹೆಸರು, ಎಲ್ಲ ಹೇಳುತ್ತಾರೆ. ಹೊಲಿದವಳ ಹೆಸರು, ನೇಯ್ದವಳ ಹೆಸರು ಎಲ್ಲಿ?

ಈ ಪ್ರಶ್ನೆ ನನಗೆ ತಾನಾಗಿ ಹುಟ್ಟಿದ್ದಲ್ಲ. ಮುಖಕ್ಕೆ ಹೊಡೆದ ಹಾಗೆ ಕೇಳಿಸಿಕೊಂಡದ್ದು.

ಜೇವರ್ಗಿ ತಾಲ್ಲೂಕಿನ ಒಂದು ತಾಂಡಾದಲ್ಲಿ ಒಬ್ಬ ಮುದುಕಿ ಇದ್ದಾಳೆ. ನಾನು ಅವಳನ್ನು ಯಾಡಿ ಎನ್ನುತ್ತೇನೆ. ಅವರ ಮಾತಿನಲ್ಲಿ ತಾಯಿ ಎಂದರ್ಥ. ಅವಳ ಮೊಮ್ಮಗಳು ನಮ್ಮ ಕಾಲೇಜಿನ ವಿದ್ಯಾರ್ಥಿನಿ. ಕೆಲವು ವರ್ಷಗಳ ಹಿಂದೆ ಹುಡುಗಿಯ ಜತೆ ಅವರ ಮನೆಗೆ ಹೋಗಿದ್ದೆ. ಯಾಡಿ ತಗಡಿನ ಪೆಟ್ಟಿಗೆ ತೆರೆದು ತನ್ನ ಮದುವೆಯ ಕಾಂಚಳಿ, ಗಂಟು ಕಟ್ಟುವ ಚೌಕ, ನೀರಿನ ಕೊಡದ ಮೇಲೆ ಹೊದಿಸುವ ಬಟ್ಟೆ, ಒಂದೊಂದೇ ಹರವಿದಳು. ಲಂಬಾಣಿ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಹೆಸರಿಸುತ್ತಾರೆ. ಕಿಲಣ, ವೇಲೆ, ಮಾಕಿ, ರೇಲೋ ಎಂದು ಏನೇನೋ. ಯಾಡಿಗೆ ಆ ಲೆಕ್ಕ ಬೇಕಿರಲಿಲ್ಲ. ಬೆರಳು ತೋರಿಸಿ, "ಇದು ನಮ್ಮವ್ವ ಕಲಿಸಿದ್ದು, ಇದು ನಮ್ಮತ್ತಿ ಕಲಿಸಿದ್ದು, ಇದು ಯಾರೂ ಕಲಿಸಿಲ್ಲ, ನಾನೇ ಕಟ್ಟಿದ್ದು" ಎಂದಳು. ಹಾಲಿಲ್ಲದ ಚಹಾ ಕೊಟ್ಟಳು. ನಾನು ಒಳ್ಳೆಯದಾಗಲೆಂದೇ, ಹಾಗೆಂದು ಆಗ ನಂಬಿದ್ದೆ, ನಾಲ್ಕು ಮಾದರಿ ಕೇಳಿ ಪಡೆದು ಬೆಂಗಳೂರಿನ ಒಬ್ಬ ವಸ್ತ್ರವಿನ್ಯಾಸಕಾರರಿಗೆ ತೋರಿಸಿದೆ. ಅವರು ಇಟ್ಟುಕೊಂಡರು. ವರ್ಷದ ಮೇಲೆ ಒಂದು ಷೋದಲ್ಲಿ ಯಾರೂ ಕಲಿಸದ ಆ ಹೊಲಿಗೆ, ಯಾಡಿ ತಾನೇ ಕಟ್ಟಿದ ಆ ಹೊಲಿಗೆ, ರೇಶ್ಮೆ ಜಾಕೀಟಿನ ಬೆನ್ನ ಮೇಲೆ ನಡೆದು ಬಂತು. ನನಗೆ ಹೆಮ್ಮೆಯಾಯಿತು. ಮುಕ್ಕಾಲು ಪುಟ ಬರೆದೆ. ಆ ವಿನ್ಯಾಸಕಾರರ ಹೆಸರು ಏಳು ಸಲ ಬಂತು, ಆಮೇಲೆ ಎಣಿಸಿದ್ದೇನೆ. ಯಾಡಿಯ ಬಗ್ಗೆ ಇದ್ದದ್ದು ನಾಲ್ಕು ಪದ: "ಉತ್ತರ ಕರ್ನಾಟಕದ ಬುಡಕಟ್ಟು ಸ್ಪರ್ಶ."

ಪತ್ರಿಕೆ ಮೊಮ್ಮಗಳ ಕೈಗೆ ಸಿಕ್ಕಿತು. ಅವಳು ಅಜ್ಜಿಗೆ ಚಿತ್ರ ತೋರಿಸಿ ಪೂರ್ತಿ ಓದಿ ಹೇಳಿದಳಂತೆ. ಮುಂದಿನ ಸಲ ನಾನು ತಾಂಡಾಕ್ಕೆ ಹೋದಾಗ ಯಾಡಿ ಬಯ್ಯಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು, "ಹೊಲಿಗಿ ನಂದು. ಕನ್ನಡಿ ಇಟ್ಟ ಲೆಕ್ಕ ನಂದು. ಇದರಾಗ ನಾ ಎಲ್ಲಿದ್ದೀನಿ ಬಾಯಿ?" ಎಂದಳು.

ನಾನು ಆ ವಿನ್ಯಾಸಕಾರರಿಗೆ ಫೋನು ಮಾಡಿದೆ. ಅವರ ಉತ್ತರ ಬಹಳ ನಯವಾಗಿತ್ತು: "ಅವರು ಹೊಲಿಯುತ್ತಾರೆ, ನಾವು ಕ್ರಿಯೇಟ್ ಮಾಡುತ್ತೇವೆ." ಈ ಒಂದು ವಾಕ್ಯದಲ್ಲಿ ನಮ್ಮ ಹೆಣ್ಣುಮಕ್ಕಳ ಇಡೀ ಚರಿತ್ರೆ ಇದೆ, ನೋಡಿ. ನಾವು ರೊಟ್ಟಿ ಬಡಿಯುತ್ತೇವೆ, ಹೋಟೆಲಿನಲ್ಲಿ ಅದು ಪಾಕಕಲೆಯಾಗುತ್ತದೆ. ನಾವು ಬಾಣಂತನ ಮಾಡುತ್ತೇವೆ, ಪುಸ್ತಕದಲ್ಲಿ ಅದು ಶಾಸ್ತ್ರವಾಗುತ್ತದೆ. ನಾವು ಮಾಡಿದರೆ ಕೆಲಸ, ಅವರು ಮಾಡಿದರೆ ಸೃಷ್ಟಿ.

ತಾಂಡಾದ ಮಾತು ಬಿಡಿ, ನಮ್ಮ ಮನೆಯ ಪತ್ತಲದ ಕತೆಯೂ ಇದೇ. ಆಳಂದದಲ್ಲಿ ನಮ್ಮತ್ತೆಯ ಬಳಿ ಹನ್ನೊಂದು ಇಳಕಲ್ ಸೀರೆಗಳಿದ್ದವು. ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ ಮಾಡಿ, ಎರಡರ ಎಳೆಗಳನ್ನೂ ಕೊಂಡಿಯಿಂದ ಕೊಂಡಿಗೆ ಸಿಗಿಸಿ ನೇಯುವ ಸೀರೆ ಅದು. ಹೀಗೆ ಜೋಡಿಸಬೇಕಾದ್ದರಿಂದ ಒಂದೊಂದು ಸೀರೆಗೂ ಒಂದೊಂದು ಹಾಸಿನ ಸಿದ್ಧತೆ. ಮಗ್ಗದ ಕುಣಿಯಲ್ಲಿ ಕೂತವನು ಗಂಡಸಾದರೂ ನೂಲು ಸುತ್ತುವುದು, ಕಂಡಿಕೆ ತುಂಬುವುದು, ಎಳೆ ಜೋಡಿಸುವುದು ಮನೆಯ ಹೆಂಗಸರು. ಅದಕ್ಕೆ ಪ್ರತ್ಯೇಕ ಕೂಲಿ ಎಂಬ ಮಾತೇ ಅನೇಕ ಮನೆಗಳಲ್ಲಿ ಇಲ್ಲ. 2019-20ರ ನಾಲ್ಕನೆಯ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸದಲ್ಲಿರುವವರು ಸುಮಾರು 35 ಲಕ್ಷ ಮಂದಿ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು. ಆದರೆ ಷೋದ ಕೊನೆಯಲ್ಲಿ ವೇದಿಕೆಗೆ ಬಂದು ಕೈ ಮುಗಿಯುವವರ ಸಾಲಿನಲ್ಲಿ ಈ ಎಪ್ಪತ್ತರಲ್ಲಿ ಒಬ್ಬಳನ್ನಾದರೂ ನೀವು ಕಂಡಿದ್ದೀರಾ? ಹದಿನೈದು ವರ್ಷಗಳಲ್ಲಿ ನಾನು ಕಂಡದ್ದು ಎರಡೇ ಸಲ. ಅವರನ್ನೂ ಕೈ ಹಿಡಿದು ಎಳೆದು ತಂದು, ಹೂಗುಚ್ಛ ಕೊಟ್ಟು, ಅರ್ಧ ನಿಮಿಷದಲ್ಲಿ ಹಿಂದಕ್ಕೆ ಕಳಿಸಿದರು.

ಇಂಥ ಮಾತಿಗೆ ಸಿದ್ಧವಾಗಿರುವ ಜವಾಬು ನನಗೆ ಗೊತ್ತು. "ನಾವು ಷೋ ಮಾಡದಿದ್ದರೆ ಈ ಕಲೆ ಎಂದೋ ಸಾಯುತ್ತಿತ್ತು. ನಾವು ಮಾರುಕಟ್ಟೆ ಕೊಡುತ್ತೇವೆ." ಅರ್ಧ ನಿಜ. ಮಾರುಕಟ್ಟೆ ಬೇಕು, ಬೇಡವೆಂದವರಾರು? ಸಂಡೂರಿನ ಕುಶಲ ಕಲಾ ಕೇಂದ್ರ ಲಂಬಾಣಿ ಕಸೂತಿಗೆ ಮಾರುಕಟ್ಟೆ ಹುಡುಕಿಕೊಟ್ಟಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅಲ್ಲಿ "ಇದನ್ನು ಲಂಬಾಣಿ ಹೆಣ್ಣುಮಕ್ಕಳು ಮಾಡಿದ್ದಾರೆ" ಎಂಬುದೇ ಸುದ್ದಿ. ಹಾಗೆ ಹೇಳಿದ್ದರಿಂದ ಯಾರ ಮಾರುಕಟ್ಟೆಯೂ ಬಿದ್ದುಹೋಗಲಿಲ್ಲ.

ಹೆಸರು ಕೇಳಿದರೆ ಏನು ಬಂತು ಎನ್ನುವವರು ಇನ್ನೊಂದು ಸಂಗತಿ ನೋಡಲಿ. ಜೂನ್ 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಷೋದಲ್ಲಿ ನಮ್ಮ ಕೊಲ್ಹಾಪುರಿ ಮೆಟ್ಟನ್ನೇ ಹೋಲುವ ಚಪ್ಪಲಿ ನಡೆಸಿತು. ಭಾರತದ ಹೆಸರೂ ಇಲ್ಲ, ಕೊಲ್ಹಾಪುರದ ಹೆಸರೂ ಇಲ್ಲ. ಆ ಮೆಟ್ಟಿಗೆ 2019ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿತ್ತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ನಾಲ್ಕು ಜಿಲ್ಲೆಗಳಿಗೆ ಸೇರಿದ ಮಾನ್ಯತೆ ಅದು. ಜನ ಗದ್ದಲ ಎಬ್ಬಿಸಿದರು. ಕಂಪನಿ ಮೊದಲು ಪ್ರೇರಣೆ ಎಲ್ಲಿಯದೆಂದು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜತೆ ಕೂತು, ಇಲ್ಲಿಯ ಕುಶಲಕರ್ಮಿಗಳಿಂದಲೇ ಚಪ್ಪಲಿ ಮಾಡಿಸುವ ಮಾತಿಗೆ ಬಂತು. ಅಷ್ಟು ದೊಡ್ಡ ಕಂಪನಿ ಬಗ್ಗಿದ್ದು ಯಾವುದಕ್ಕೆ? "ಇದು ಯಾರದು?" ಎಂದು ಜನ ಕೇಳಿದ್ದಕ್ಕೆ. ಮಿಲಾನಿನವರನ್ನು ಕೇಳಿದ ನಾವು ಬೆಂಗಳೂರಿನವರನ್ನು ಏಕೆ ಕೇಳಬಾರದು? ಕಲಬುರಗಿಯವರನ್ನು ಏಕೆ ಕೇಳಬಾರದು? ನಮ್ಮನ್ನೇ ನಾವು ಏಕೆ ಕೇಳಿಕೊಳ್ಳಬಾರದು?

ಹೆಸರೆಂದರೆ ಬರಿಯ ಒಣ ಗೌರವವಲ್ಲ. ಲಂಬಾಣಿಗರಿಗೆ ಹೆಸರಿನ ಬೆಲೆ ಏನೆಂದು ನಮಗಿಂತ ಚೆನ್ನಾಗಿ ಗೊತ್ತು. ಎತ್ತಿನ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶ ಸುತ್ತಿ ದಂಡುಗಳಿಗೆಲ್ಲ ಅನ್ನ ಮುಟ್ಟಿಸಿದ ಜನ ಅವರು. ರೈಲು ಬಂದು ವ್ಯಾಪಾರ ಹೋಯಿತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆ ತಂದು, ಮುಂದೆ ಹಲವೆಡೆ ಅವರ ಹಣೆಗೂ ಕಳ್ಳರೆಂಬ ಪಟ್ಟಿ ಹಚ್ಚಿದರು. 1952ರಲ್ಲಿ ಕಾಗದದಿಂದ ಆ ಪಟ್ಟಿ ಹೋಯಿತು. ಬಸ್ಸಿನಿಂದ ಇನ್ನೂ ಹೋಗಿಲ್ಲ. ತಲೆಮಾರುಗಳಿಂದ ಕಟ್ಟಿಕೊಂಡು ಕೂತ ಮನೆಯ ಜಾಗಕ್ಕೂ ಅವರ ಹೆಸರಿರಲಿಲ್ಲ. ಜನವರಿ 2023ರಲ್ಲಿ ನಮ್ಮ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ ಸುಮಾರು 50 ಸಾವಿರ ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಯಾವ ಪಕ್ಷ ಹಂಚಿತು ಎಂಬ ಜಗಳ ನನಗೆ ಬೇಡ. ತನ್ನ ಗುಡಿಸಲಿಗೆ ತನ್ನ ಹೆಸರು ಬರಲು ಇಷ್ಟು ವರ್ಷ ಕಾದವಳಿಗೆ, ತನ್ನ ಹೊಲಿಗೆಗೆ ಹೆಸರು ಬರಲು ಇನ್ನೆಷ್ಟು ವರ್ಷ ಕಾಯಿ ಎನ್ನುತ್ತೀರಿ?

ಇನ್ನು ನಮ್ಮೂರಿನ ಮಾತು. ಷೋ ಎಂದರೆ ಬೆಂಗಳೂರೇ ಆಗಬೇಕಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯಂಥ ಊರುಗಳ ಕಾಲೇಜುಗಳಲ್ಲೂ ಈಗ "ಟ್ರೆಡಿಷನಲ್ ಡೇ" ಎಂದು ಜಮಖಾನೆ ಹಾಸಿ ಹುಡುಗಿಯರನ್ನು ನಡೆಸುತ್ತಾರೆ. ಒಮ್ಮೆ ಇಂಥದ್ದೊಂದರಲ್ಲಿ ನಾನು ತೀರ್ಪುಗಾರಳು. ಐದು ಹುಡುಗಿಯರು ಲಂಬಾಣಿ ವೇಷ ಹಾಕಿದ್ದರು. ಐದೂ ಬಾಡಿಗೆಯವು, ಪ್ಲಾಸ್ಟಿಕ್ ಕನ್ನಡಿ, ಚಮಕಿ, ಹೊಳೆಯುವ ನೈಲಾನು. ಐವರಲ್ಲಿ ಒಬ್ಬಳೂ ತಾಂಡಾದವಳಲ್ಲ. ತಾಂಡಾದ ಹುಡುಗಿ ಒಬ್ಬಳಿದ್ದಳು, ಯಾಡಿಯ ಮೊಮ್ಮಗಳೇ ಅವಳು. ಅವಳು ಚೂಡಿದಾರ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದಳು. "ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥ ಕಾಂಚಳಿ ಇದೆಯಲ್ಲ, ನೀನೇಕೆ ಉಡಲಿಲ್ಲ?" ಎಂದು ಕೇಳಿದೆ. "ಮಿಸ್, ಅವ್ರು ಹಾಕ್ಕೊಂಡ್ರ ವೇಷ ಅಂತಾರ. ನಾ ಹಾಕ್ಕೊಂಡ್ರ ನಾಳಿಂದ ನನ್ನ ಹೆಸ್ರೇ ಲಮಾಣೇರಕಿ ಅಂತ ಆಗ್ತದ" ಎಂದಳು. ಮೊದಲ ಬಹುಮಾನ ನೈಲಾನಿಗೆ ಹೋಯಿತು. ಕೊಟ್ಟವಳು ನಾನೇ.

ಅದೇ ವರ್ಷ ತಾಂಡಾಕ್ಕೆ ಹಳೆಯ ಬಟ್ಟೆ ಕೊಳ್ಳುವವನು ಬಂದಿದ್ದನಂತೆ. ಮಗ ಸೊಸೆ ಇಬ್ಬರೂ ದುಡಿಯಲು ಪುಣೆಗೆ ಹೋಗಿದ್ದರು, ಮನೆಯಲ್ಲಿ ಕೈ ಖಾಲಿ. ಯಾಡಿ ಗಂಟಿನ ಚೌಕ ಎರಡನ್ನು ಕೊಟ್ಟು ಒಂದು ಸ್ಟೀಲ್ ಡಬರಿ, ಮೇಲೆ ಇಷ್ಟು ರೊಕ್ಕ ತೆಗೆದುಕೊಂಡಿದ್ದಾಳೆ. ಅಂಥದೇ ಚೌಕಕ್ಕೆ ಗಾಜಿನ ಚೌಕಟ್ಟು ಹಾಕಿ ದೊಡ್ಡ ಊರಿನ ಅಂಗಡಿಯಲ್ಲಿ ಎಷ್ಟಕ್ಕೆ ಮಾರುತ್ತಾರೆಂದು ನಾನು ಕಣ್ಣಾರೆ ನೋಡಿದ್ದೇನೆ. ಯಾಡಿಗೆ ಹೇಳುವ ಧೈರ್ಯ ಆಗಲಿಲ್ಲ.

ಓದುವ ತಂಗಿಯರೇ, ಅಕ್ಕಂದಿರೇ, ಷೋಗಳನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ನಿಲ್ಲಿಸಿದರೆ ನಷ್ಟ ಮೊದಲು ತಟ್ಟುವುದು ಯಾಡಿಯಂಥವರಿಗೇ. ನಾನು ಕೇಳುವುದು ಮೂರೇ. ಬಟ್ಟೆಯ ಚೀಟಿಯ ಮೇಲೆ ಮಾಡಿದವಳ ಹೆಸರು, ಊರು ಇರಲಿ. ಬೆಲೆ ಬರೆದ ಕಡೆ ಅವಳಿಗೆ ಎಷ್ಟು ಸಂದಿತು ಎಂಬುದನ್ನೂ ಬರೆಯಲಿ. ಮೊದಲ ಸಾಲಿನ ಕುರ್ಚಿಗಳಲ್ಲಿ ಒಂದು ಅವಳದಾಗಲಿ. ರೈಲು ಚಾರ್ಜು ನನಗೆ ಕೊಡುವವರು ಅವಳಿಗೂ ಕೊಡಬಲ್ಲರು. ಇದರಲ್ಲಿ ಆಗದ್ದು ಯಾವುದೂ ಇಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಕಲಬುರಗಿಯ ಸೀರೆ ಪ್ರದರ್ಶನಕ್ಕೆ ಹೋದಾಗ ನಾವು ಡಿಸ್ಕೌಂಟ್ ಎಷ್ಟು ಎಂದು ಹತ್ತು ಸಲ ಕೇಳುತ್ತೇವೆ. ಒಂದು ಸಲ, ನೇಯ್ದವರು ಯಾರು ಎಂದು ಕೇಳೋಣ. ಅಂಗಡಿಯವನಿಗೆ ಗೊತ್ತಿರದಿದ್ದರೆ ಮುಂದಿನ ಸಲಕ್ಕೆ ತಿಳಿದುಕೊಂಡಾನು. ಮಗಳು ಕಾಲೇಜಿನ ಷೋಗೆಂದು ಬಾಡಿಗೆಯ ಲಂಬಾಣಿ ಬಟ್ಟೆ ತಂದರೆ, ಆ ಬಟ್ಟೆ ಉಡುವವರ ಮನೆಗೆ ಒಮ್ಮೆಯಾದರೂ ಹೋಗಿ ಬಾ ಎಂದು ಹೇಳೋಣ. ಬಸ್ಸಿನಲ್ಲಿ ಕನ್ನಡಿ ತಾಗಿದರೆ ಸೀರೆ ಹರಿಯುವುದಿಲ್ಲ; ನಲವತ್ತು ಕಿಲೋಮೀಟರು ಪಕ್ಕದಲ್ಲೇ ಕೂತು ನಾನು ನೋಡಿದ್ದೇನೆ.

ಹೌದು, ಆ ಮೇಲೆ ಕೂತಿದ್ದೇನೆ. ಯಾಡಿಯ ಹೆಸರು ಹಾಕಿ, ಅವಳದೇ ಮಾತಿನಲ್ಲಿ ಹೊಲಿಗೆಯ ಲೇಖನವನ್ನು ಮತ್ತೊಮ್ಮೆ ಬರೆದುಕೊಟ್ಟೆ. ಹಳೆಯ ವಿಷಯವೆಂದು ಅದು ಅಚ್ಚಾಗಲಿಲ್ಲ. ಕೈಬರಹದ ಪ್ರತಿಯನ್ನು ಮೊಮ್ಮಗಳು ಓದಿ ಹೇಳಿದ್ದಾಳೆ. ಅದೀಗ ಪೆಟ್ಟಿಗೆಯಲ್ಲಿ, ಮದುವೆಯ ಕಾಂಚಳಿಯ ಮಡಿಕೆಯೊಳಗೆ ಇದೆಯಂತೆ.

ಈ ಸಲದ ಆಗಸ್ಟಿಗೂ ಆಮಂತ್ರಣ ಬಂದಿದೆ. ದಪ್ಪ ಕಾಗದ, ಅಂಚಿಗೆ ಕನ್ನಡಿ ಕಸೂತಿಯ ಚಿತ್ರ. ಬರುವ ಮುಂಚೆ ಮೂರು ಪ್ರಶ್ನೆಗಳಿವೆ ಎಂದು ಉತ್ತರ ಬರೆದಿದ್ದೇನೆ. ಇನ್ನೂ ಜವಾಬು ಬಂದಿಲ್ಲ. ರೈಲಿನ ಟಿಕೇಟು ನಾನೂ ತೆಗೆಸಿಲ್ಲ.